ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ಗೆದ್ದ ಅಪೀಲು

ಟೆಕ್ನಿಕಲ್ ಪಾಯಿಂಟ್ ಹಿಡಿದು ಕ್ರಿಮಿನಲ್ ಅಪೀಲು ಗೆಲ್ಲೋಕಾಗಲ್ಲ, ಹೆಚ್ಚೆಂದರೆ ರಿಮ್ಯಾಂಡ್ ಆಗುತ್ತೆ (ಕೇಸು ಕೆಳಗಿನ ಕೋರ್ಟಿಗೇ ವಾಪಸ್ ಹೋಗುತ್ತೆ) ಅಂತ ಶಿವಮೊಗ್ಗದ ನಮ್ಮ ಸೀನಿಯರ್‌ಗಳು ಹೇಳುತ್ತಲೇ ಬಂದರು. ಪೂರ್ತಿ ಸುಳ್ಳೇನಲ್ಲ. ಸಿಆರ್‌ಪಿಸಿ (ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನು) 465 ಇರುವುದೇ ಅದಕ್ಕಲ್ವಾ? ನ್ಯಾಯಕ್ಕೆ ಧಕ್ಕೆ ತರದ ವಿಧಾನದ ತಪ್ಪಿಗೆ ತೀರ್ಪು ರದ್ದಾಗಲ್ಲ ಅನ್ನುತ್ತೆ ಅದು. ಚಾರ್ಜಿನಲ್ಲಿ ದಿನಾಂಕ ತಪ್ಪಿದೆ ಎಂದು ಹಾಕಿದ್ದ ಅಪೀಲು ಒಂದೇ ಪ್ರಶ್ನೆಗೆ ಬಿದ್ದುಹೋಯಿತು: "ಟ್ರಯಲ್‌ನಲ್ಲೇ ಯಾಕೆ ಹೇಳಲಿಲ್ಲ?" ಇನ್ನೊಂದು ರಿಮ್ಯಾಂಡ್ ಆಯಿತು. ಕಕ್ಷಿದಾರ ಮತ್ತೆ ವರ್ಷಗಟ್ಟಲೆ ಅಲೆದ. ನನ್ನ ಫೀಸು ಇವತ್ತಿಗೂ ಬಾಕಿ.

ಗೆದ್ದದ್ದು ತೀರ್ಥಹಳ್ಳಿ ಕಡೆಯ ಬೇಲಿ ಜಗಳದಲ್ಲಿ. ಐಪಿಸಿ 324, ಆಯುಧದಿಂದ ಗಾಯ ಮಾಡಿದ ಆರೋಪ. ಶಿಕ್ಷೆ ನಿಂತಿದ್ದೇ ಜಪ್ತಿಯಾದ ಕತ್ತಿಯ ಮೇಲೆ. 313 ಹೇಳಿಕೆ, ಅಂದರೆ ಸಾಕ್ಷ್ಯದ ಬಗ್ಗೆ ಜಡ್ಜ್ ಆರೋಪಿಯನ್ನೇ ಕೇಳಿ ಬರೆದುಕೊಂಡ ಪ್ರಶ್ನೋತ್ತರ, ತೆಗೆದು ನೋಡಿದರೆ ಕತ್ತಿಯ ಬಗ್ಗೆ ಒಂದೂ ಪ್ರಶ್ನೆ ಇಲ್ಲ!

"ಕೇಳಿಲ್ಲ" ಅಂತ ಕೂಗಿದರೆ ಏನೂ ಆಗಲ್ಲ. ಕೇಳಿದ್ದರೆ ಆರೋಪಿ ಏನು ಹೇಳುತ್ತಿದ್ದ ಎಂದು ಅಪೀಲು ಕೋರ್ಟು ವಕೀಲರನ್ನೇ ಕೇಳಬಹುದು. ಸುಪ್ರೀಂ ಕೋರ್ಟಿನ 1973ರ ಶಿವಾಜಿ ಬೋಬಡೆ ತೀರ್ಪಿನಲ್ಲೇ ಇದೆ. ಹಾಗಾಗಿ ಉತ್ತರ ಸಿದ್ಧಮಾಡಿಕೊಂಡೇ ಹೋದೆ: ಕತ್ತಿ ತಮ್ಮನ ಮನೆಯದು, ಅಡಿಕೆ ಕೊನೆ ಕೊಯ್ಯುವ ಕೊನೆಗೌಡರಿಗೆ ಕೊಟ್ಟಿದ್ದು, ಕೇಳಿದ್ದರೆ ತಮ್ಮನನ್ನೇ ಸಾಕ್ಷಿಗೆ ಕರೆಯುತ್ತಿದ್ದ. ಒಂದೇ ಹಾಳೆಯಲ್ಲಿ ಮೂರು ಕಾಲಂ ಮಾಡಿದೆ: ಸಾಕ್ಷ್ಯ, 313ರ ಪ್ರಶ್ನೆ, ಜಡ್ಜ್‌ಮೆಂಟಿನ ಪ್ಯಾರಾ. ನಡುವಿನ ಕಾಲಂ ಖಾಲಿ. ಯಾವ ಪ್ಯಾರಾದಿಂದ ವಾದ ಶುರು ಮಾಡಿದೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ.

ಪಿಪಿ (ಸರ್ಕಾರಿ ವಕೀಲರು) ರಿಮ್ಯಾಂಡ್ ಕೇಳಿದರು. 2023ರ ರಾಜ್‌ಕುಮಾರ್ ತೀರ್ಪು ತೋರಿಸಿದೆ. ಅಲ್ಲಿ ಘಟನೆ ತೀರಾ ಹಳೆಯದು, ಈಗ ವಾಪಸ್ ಕಳಿಸಿ ಪ್ರಶ್ನೆ ಕೇಳಿಸುವುದು ನ್ಯಾಯವಲ್ಲ ಎಂದಿದೆ. ನಮ್ಮದೂ ಹತ್ತಿರ ಹತ್ತು ವರ್ಷ ಹಳೆಯ ಜಗಳ. ಜಡ್ಜ್ ಕತ್ತಿಯ ಸಾಕ್ಷ್ಯವನ್ನು ಪಕ್ಕಕ್ಕಿಟ್ಟರು. ಉಳಿದದ್ದು ಪರಸ್ಪರ ಹೊಂದದ ಇಬ್ಬರು ಸಾಕ್ಷಿಗಳು. ಖುಲಾಸೆ. ಈಗ ಅದೇ ಸೀನಿಯರ್‌ಗಳ ಜೂನಿಯರ್‌ಗಳು ಆ ಹಾಳೆಯ ಜೆರಾಕ್ಸ್ ಕೇಳುತ್ತಾರೆ.

ದುಡ್ಡಿನ ಕಥೆ: ಸರ್ಟಿಫೈಡ್ ಕಾಪಿ, ಡಿಟಿಪಿ, ಓಡಾಟ ಎಲ್ಲ ಸೇರಿ ನಾಲ್ಕೈದು ಸಾವಿರ ಕೈಯಿಂದಲೇ ಹೋಯಿತು. ಫೀಸು ಬಂದದ್ದು ಅಡಿಕೆ ಮಾರಿದ ಮೇಲೆ, ಅದೂ ಎರಡು ಕಂತಿನಲ್ಲಿ.

ಇದೇ ಹುರುಪಿನಲ್ಲಿ ಸಾಗರದ ಒಂದು ಫೈಲಿನಲ್ಲಿ ಬೇರೆ ಪ್ರಯೋಗ ಮಾಡಿದೆ. ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯ ಮಾತು ಕೇಳಬೇಕು ಅನ್ನುತ್ತೆ ಸಿಆರ್‌ಪಿಸಿ 248(2). ಆರ್ಡರ್ ಶೀಟಿನಲ್ಲಿ ಅದರ ಸುಳಿವೇ ಇರಲಿಲ್ಲ. ಅಪರಾಧ ಸಾಬೀತು ಅನ್ನೋದು ಹಾಗೇ ಉಳಿಯಿತು. ಆದರೆ ಹುಡುಗನ ವಯಸ್ಸು, ಮನೆ ಪರಿಸ್ಥಿತಿ ಹೇಳಲು ಅವಕಾಶ ಸಿಕ್ಕಿತು. 1958ರ ಪ್ರೊಬೇಷನ್ ಕಾಯ್ದೆಯಡಿ ಸನ್ನಡತೆಯ ಬಾಂಡ್ ಬರೆಸಿಕೊಂಡು ಹುಡುಗನನ್ನು ಬಿಟ್ಟರು. ಇಲ್ಲಿ ಸಂಪೂರ್ಣ ಖುಲಾಸೆ ಕೇಳಿದ್ದರೆ ಸುಮ್ನೆ ಸಮಯ ಹಾಳು.

ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ ಬಂದಮೇಲೆ ಈ ನಂಬರುಗಳು ಬದಲಾಗಿವೆ. ಬಿಎನ್‌ಎಸ್‌ಎಸ್‌ನಲ್ಲಿ 313 ಅಂದರೆ 351, 465 ಅಂದರೆ 511. 2024ರ ಜುಲೈ 1ಕ್ಕೆ ಮುಂಚೆಯೇ ಬಾಕಿ ಇದ್ದ ಟ್ರಯಲ್‌ಗಳು ಹಳೆಯ ನಂಬರಿನಲ್ಲೇ ನಡೆಯುತ್ತಿವೆ.