ಬಾಂಗಡೆ ತಿನ್ನುವ ಲಯನ್‌ಫಿಶ್: ಬೆಳಗಾವಿಯಲ್ಲಿ ನನ್ನ ಅನುಭವ

ವಿಷದ ಮುಳ್ಳುಗಳಿರುವ ಕಡಲಮೀನು ಲಯನ್‌ಫಿಶ್ ಜೀವಂತ ಮೀನನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ, ಕಡಲಿಲ್ಲದ ಬೆಳಗಾವಿಯಲ್ಲಿ ಅದನ್ನು ಸಾಕುವುದೆಂದರೆ ಮೇವಿಗೆ ಹಾಕುವ ಮೋಲಿ ಎಂಬ ಸಣ್ಣ ಮೀನು ಮಾರುವವರ ಗಲ್ಲಾ ತುಂಬಿಸುವುದು ಎಂದು ನಮ್ಮೂರಿನ ಅಕ್ವೇರಿಯಂ ಬಳಗದಲ್ಲಿ ನನಗೆ ಹೇಳದವರಿಲ್ಲ. ಟಿಳಕವಾಡಿಯ ಹಿರಿಯ ಹವ್ಯಾಸಿಯೊಬ್ಬರಂತೂ, "ಆರು ತಿಂಗಳು ನೋಡ್ರಿ, ಒಂದೋ ಮೀನ ಹೋಗ್ತದ, ಇಲ್ಲಾ ನಿಮ್ಮ ಹುರುಪ ಹೋಗ್ತದ" ಎಂದು ತೀರ್ಪನ್ನೇ ಕೊಟ್ಟಿದ್ದರು. ಎರಡು ವರ್ಷ ದಾಟಿದೆ. ಬಂದಾಗ ನನ್ನ ಅಂಗೈಗಿಂತ ಚಿಕ್ಕದಿದ್ದ ಮೀನು ಈಗ ಹತ್ತು ಇಂಚಿನ ಆಸುಪಾಸಿಗೆ ಬೆಳೆದಿದೆ. ಹೆಚ್ಚುಕಡಿಮೆ ಒಂದು ವರ್ಷದಿಂದ ಅದರ ಬಾಯಿಗೆ ಒಂದೇ ಒಂದು ಜೀವಂತ ಮೀನು ಬಿದ್ದಿಲ್ಲ. ಅದೇ ಹಿರಿಯರು ಇತ್ತೀಚೆಗೆ ಮನೆಗೆ ಬಂದು, ಅದು ಬಾಂಗಡೆಯ ತುಂಡು ನುಂಗುವುದನ್ನು ಎರಡು ಸಲ ಕಣ್ಣಾರೆ ನೋಡಿ, ನಾನು ಮೇವು ಕೊಡುವ ಕೋಲಿನ ಅಳತೆ ಬರೆದುಕೊಂಡು ಹೋದರು.

ಟ್ಯಾಂಕಿನ ವಿಷಯ ಈ ಬಳಗಕ್ಕೆ ಹೊಸದಲ್ಲವಾದ್ದರಿಂದ ಬೇಗ ಮುಗಿಸುತ್ತೇನೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ, ಅಂದರೆ ಸುಮಾರು 450 ಲೀಟರ್. ಕೆಳಗೆ ಸಂಪ್, ಅಂದರೆ ನೀರು ಶುದ್ಧವಾಗಿ ಮೇಲೆ ಹೋಗುವ ಇನ್ನೊಂದು ತೊಟ್ಟಿ; ಅದರಲ್ಲಿ ನೊರೆಯೆಬ್ಬಿಸಿ ಕೊಳೆ ತೆಗೆಯುವ, ಅಗತ್ಯಕ್ಕಿಂತ ದೊಡ್ಡ ಸ್ಕಿಮ್ಮರ್. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.024ರ ಹತ್ತಿರ, ಉಷ್ಣತೆ 26 ಡಿಗ್ರಿ. ನಮ್ಮ ಮಳೆಗಾಲದಲ್ಲೂ ಚಳಿಗಾಲದಲ್ಲೂ ಹೀಟರ್ ಇಲ್ಲದೆ ನಡೆಯುವುದಿಲ್ಲ, ಏಪ್ರಿಲ್ ತಿಂಗಳಲ್ಲಿ ಮಾತ್ರ ಸಂಪಿನ ಮೇಲೆ ಫ್ಯಾನ್ ಇಡಬೇಕಾಗುತ್ತದೆ. ಮೀನು ಬೆಂಗಳೂರಿನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಥರ್ಮಾಕೋಲ್ ಪೆಟ್ಟಿಗೆಯೊಳಗೆ ರಾತ್ರಿಯಿಡೀ ಪ್ರಯಾಣ ಮಾಡಿ ಬಂತು.

ಮೊದಲ ತಿಂಗಳುಗಳಲ್ಲಿ ನಾನೂ ಎಲ್ಲರಂತೆ ಮೋಲಿಯನ್ನೇ ಹಾಕಿದೆ. ಗೋಲ್ಡ್‌ಫಿಶ್ ಹಾಕಲು ಅಂಗಡಿಯವರು ಒತ್ತಾಯಿಸುತ್ತಾರೆ, ಏಕೆಂದರೆ ಅದು ಅಗ್ಗ. ಆದರೆ ಅದರಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ, ಜೊತೆಗೆ ಕಡಲಮೀನಿಗೆ ಬೇಕಾದ ಕೊಬ್ಬಿನಾಮ್ಲಗಳು ಸಿಹಿನೀರಿನ ಮೀನಿನಲ್ಲಿ ಸಾಲದು. ಮೋಲಿಯ ಅನುಕೂಲವೆಂದರೆ ಹನಿಹನಿಯಾಗಿ ಉಪ್ಪುನೀರಿಗೆ ಒಗ್ಗಿಸಿದರೆ ಅದು ಕಡಲಿನ ನೀರಿನಲ್ಲೂ ಬದುಕುತ್ತದೆ, ಮರಿಯನ್ನೂ ಹಾಕುತ್ತದೆ. ಆದರೆ ಒಂದಕ್ಕೆ ಹದಿನೈದು ಇಪ್ಪತ್ತು ರೂಪಾಯಿಯಂತೆ ತಿಂಗಳಿಗೆ ಸಾವಿರ ಸಾವಿರದ ಇನ್ನೂರು ರೂಪಾಯಿ ಬರೀ ಮೇವಿಗೇ ಹೋಗುತ್ತಿತ್ತು. ಖರ್ಚು ತಗ್ಗಿಸಲು ಟೆರೇಸಿನ ಮೇಲೆ ನೀಲಿ ಡ್ರಮ್ಮಿಟ್ಟು ಮೋಲಿ ಬೆಳೆಸಿದೆ, ತಿನ್ನಿಸುವ ಮುನ್ನ ಅವುಗಳಿಗೆ ಸ್ಪಿರುಲಿನಾ ಪಾಚಿ ಹಾಕಿ ಹೊಟ್ಟೆ ತುಂಬಿಸಿದೆ. ಮರಿಗಳು ಬಂದವು, ಆದರೆ ಬೆಳೆಯುವ ವೇಗಕ್ಕಿಂತ ಲಯನ್‌ಫಿಶ್ ನುಂಗುವ ವೇಗ ಹೆಚ್ಚಾಗಿತ್ತು. ಜುಲೈ ತಿಂಗಳ ಜಡಿಮಳೆಗೆ ಡ್ರಮ್ಮು ತುಂಬಿ ಹರಿದು ಉಪ್ಪು ತೊಳೆದುಹೋದ ಮೇಲೆ ಆ ಯೋಜನೆಯೂ ನಿಂತಿತು.

ಸತ್ತ ಮೇವಿನ ಮೊದಲ ಪ್ರಯತ್ನಗಳೆಲ್ಲ ನೆಲಕಚ್ಚಿದವು. ಸೂಪರ್‌ಮಾರ್ಕೆಟ್ಟಿನ ಫ್ರೋಜನ್ ಸಿಗಡಿ ಹಾಕಿದಾಗ ಮೀನು ತಿರುಗಿಯೂ ನೋಡಲಿಲ್ಲ; ಆದರೆ ಸ್ಕಿಮ್ಮರ್ ಉಕ್ಕಿ ಹರಿಯಿತು, ಫಾಸ್ಫೇಟ್ ಏರಿತು. ಅಂಥ ಸಿಗಡಿಯಲ್ಲಿ ನೀರು ಹಿಡಿದಿಡಲು ಫಾಸ್ಫೇಟ್ ಬೆರೆಸಿರುವುದುಂಟು, ಪ್ಯಾಕೆಟ್ಟಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ತಿಳಿಯುತ್ತದೆ. ಟ್ಯಾಂಕಿನ ನೀರು ತಿರುಗಿಸುವ ಪಂಪು ಪವರ್‌ಹೆಡ್ಡಿನ ಪ್ರವಾಹಕ್ಕೆ ತುಂಡುಗಳನ್ನು ತೇಲಿಬಿಟ್ಟರೆ ಅವು ಬಂಡೆಯ ಸಂದಿಗೆ ಸೇರಿ ಕೊಳೆಯುತ್ತಿದ್ದವು. ನೀರಿನ ಮೇಲ್ಮೈಯಲ್ಲಿ ಆಡಿಸಿ ತೋರಿಸಿದಾಗ ಒಮ್ಮೆ ಮೇಲೆ ಬಂದು ಬಾಯಿ ಹಾಕಿತು, ತುಂಡಿನ ಜೊತೆ ಗಾಳಿಯನ್ನೂ ಎಳೆದುಕೊಂಡು ಒಂದು ದಿನ ತಲೆಕೆಳಗಾಗಿ ತೇಲಿತು. ಉಪವಾಸ ಹಾಕಿ ದಾರಿಗೆ ತರುವುದು ಎಲ್ಲರೂ ಹೇಳುವ ಉಪಾಯ. ಮೈತುಂಬಿಕೊಂಡ ಲಯನ್‌ಫಿಶ್ ಎರಡು ವಾರ ತಿನ್ನದಿದ್ದರೂ ತಡೆಯುತ್ತದೆ ಎನ್ನುವುದು ನಿಜ, ಆದರೆ ಬರೀ ಹಸಿವಿನಿಂದ ಅದು ಸತ್ತ ತುಂಡನ್ನು ಬೇಟೆಯೆಂದು ಗುರುತಿಸಲು ಕಲಿಯುವುದಿಲ್ಲ. ನನ್ನ ವಿಧಾನ ಹುಟ್ಟಿದ್ದು ಇಲ್ಲಿಂದ: ಮೀನಿಗೆ ಮೊದಲು ಪರಿಚಯವಾಗಬೇಕಾದದ್ದು ಮೇವಲ್ಲ, ಕೋಲು.

ಕೋಲೆಂದರೆ ಪಾರದರ್ಶಕ ಅಕ್ರಿಲಿಕ್ ಕಡ್ಡಿ, ಪೆನ್ಸಿಲ್‌ಗಿಂತ ತೆಳು, ಉದ್ದ ಎರಡಡಿಗೆ ಸ್ವಲ್ಪ ಕಡಿಮೆ. ಇದಕ್ಕಿಂತ ಗಿಡ್ಡದನ್ನು ಯಾರೂ ಬಳಸಬೇಡಿ; ಬೆನ್ನಿನ ಮೇಲೆ ಹದಿಮೂರು ವಿಷದ ಮುಳ್ಳುಗಳಿವೆ, ಹೊಟ್ಟೆಯಡಿ ಹಾಗೂ ಬಾಲದ ಬಳಿ ಇನ್ನೂ ಕೆಲವಿವೆ, ಹಸಿದ ಮೀನಿಗೆ ಕೈಯೂ ಮೇವೂ ಒಂದೇ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿಯಾದ, ಸುಮಾರು 45 ಡಿಗ್ರಿಯ ನೀರಿನಲ್ಲಿ ಕೈಯಿಟ್ಟುಕೊಂಡು ವೈದ್ಯರ ಬಳಿ ಹೋಗಬೇಕು.

ಮೊದಲ ಕೆಲವು ವಾರ ಜೀವಂತ ಮೋಲಿಯನ್ನೇ ಕೊಟ್ಟೆ, ಆದರೆ ಪ್ರತಿಸಲವೂ ಕೋಲನ್ನು ನೀರಿಗಿಳಿಸಿ ಅದರ ತುದಿಯ ಪಕ್ಕದಲ್ಲೇ ಬಿಟ್ಟೆ. ಕೋಲು ಇಳಿದರೆ ಊಟ ಎಂಬುದು ಮೀನಿಗೆ ಮನವರಿಕೆಯಾದ ಮೇಲೆ, ಆಗತಾನೇ ಸತ್ತ ಮೋಲಿಯನ್ನು ತುದಿಗೆ ಸಿಕ್ಕಿಸಿದೆ. ಅದನ್ನು ನುಂಗಿತು. ಆಮೇಲೆ ಅರ್ಧ ಮೋಲಿ, ಅದರ ಮರೆಯಲ್ಲಿ ಬಾಂಗಡೆಯ ಒಂದು ಸೀಳು. ಕೊನೆಗೆ ಬರೀ ಸೀಳು. ಈ ಕೊನೆಯ ಹೆಜ್ಜೆಗೇ ಒಂದೂವರೆ ತಿಂಗಳು ಹಿಡಿಯಿತೆಂದು ನೆನಪು. ಹೊತ್ತು ಸಂಜೆಯದ್ದೇ ಆಗಿರಬೇಕು, ಏಕೆಂದರೆ ಅದು ಮಬ್ಬು ಬೆಳಕಿನ ಬೇಟೆಗಾರ. ಟ್ಯಾಂಕಿನ ದೀಪ ಆರಿಸಿ ಅರ್ಧ ಗಂಟೆ ಕಳೆದ ಮೇಲೆ, ಪಡಸಾಲೆಯ ಬಲ್ಬಿನ ಬೆಳಕಿನಲ್ಲಿ ನಾನು ಕೋಲು ಇಳಿಸುತ್ತೇನೆ.

ತುಂಡು ಕತ್ತರಿಸುವುದರಲ್ಲಿ ಅರ್ಧ ಕೆಲಸವಿದೆ. ಬಾಂಗಡೆಯ ಪಕ್ಕೆಯಿಂದ ಕಿರುಬೆರಳುದ್ದದ ಸೀಳು ತೆಗೆಯಬೇಕು, ಚರ್ಮ ಹಾಗೆಯೇ ಇರಬೇಕು, ಒಂದು ತುದಿ ಬಾಲದಂತೆ ಚೂಪಾಗಬೇಕು. ದಪ್ಪ ತುದಿ ಕೋಲಿಗೆ, ಬೆಳ್ಳಿಯಂಥ ಹೊಳೆಯುವ ಚರ್ಮ ಮೀನಿನ ಕಡೆಗೆ. ಅನೇಕರು ತುಂಡನ್ನು ಮೀನಿನ ಮೂತಿಗೆ ತಂದು ತಿವಿಯುತ್ತಾರೆ. ಯಾವ ಬೇಟೆಯೂ ಬೇಟೆಗಾರನ ಬಾಯಿಗೆ ತಾನಾಗಿ ಬರುವುದಿಲ್ಲವಷ್ಟೆ. ಆದ್ದರಿಂದ ತುಂಡು ಅದರಿಂದ ದೂರ ಸರಿಯಬೇಕು, ಎರಡು ಸಣ್ಣ ಎಳೆತ, ಆಮೇಲೆ ನಿಲುಗಡೆ. ಮೀನು ಎರಡೂ ರೆಕ್ಕೆಗಳನ್ನು ಬೀಸಣಿಗೆಯಂತೆ ಬಿಡಿಸಿ ತುಂಡನ್ನು ಮೂಲೆಗೊತ್ತುತ್ತದೆ, ತಲೆ ತುಸು ಓರೆಯಾಗುತ್ತದೆ, ನಿಲುಗಡೆಯ ಗಳಿಗೆಯಲ್ಲೇ ಬಾಯಿ ತೆರೆದು ಮುಚ್ಚುತ್ತದೆ. ತುಂಡು ಹೋದದ್ದು ಕಾಣುವುದಿಲ್ಲ, ಕೋಲು ಹಗುರವಾದದ್ದು ಕೈಗೆ ತಿಳಿಯುತ್ತದೆ. ಮೊದಮೊದಲು ನುಂಗಿದ್ದನ್ನು ಉಗುಳುತ್ತಿತ್ತು. ಉಗುಳಿದ ದಿನ ಮತ್ತೆ ಒತ್ತಾಯಿಸದೆ ಕೋಲು ತೆಗೆದುಬಿಡುತ್ತಿದ್ದೆ. ತುಂಡನ್ನು ತುದಿಗೆ ಹಿಡಿಸುವ ಗಂಟು ಮತ್ತು ಅದಕ್ಕೆ ಸವರುವ ಒಂದು ಪದಾರ್ಥ, ಇವೆರಡನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅಷ್ಟು ಖರ್ಚು ಮಾಡಿದವನಿಗೆ ಅಷ್ಟಾದರೂ ಸ್ವಂತದ್ದಿರಲಿ.

ಸವರುವ ಪದಾರ್ಥ ಬೆಳ್ಳುಳ್ಳಿಯಲ್ಲ ಎಂದು ಮಾತ್ರ ಹೇಳಬಲ್ಲೆ. ಬೆಳ್ಳುಳ್ಳಿ ರಸವನ್ನು ನಾಲ್ಕಾರು ವಾರ ಪ್ರಯೋಗಿಸಿದ್ದೇನೆ, ಮನೆಯೆಲ್ಲ ಒಗ್ಗರಣೆಯ ವಾಸನೆ ಹಿಡಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಸಿಗಡಿಯನ್ನು ರುಬ್ಬಿ ಚೈನಾ ಗ್ರಾಸ್‌ನಲ್ಲಿ ಗಟ್ಟಿಗೊಳಿಸಿದ ಮೇವನ್ನು ಲಯನ್‌ಫಿಶ್ ಮೂಸಲಿಲ್ಲ, ಅದೇ ಟ್ಯಾಂಕಿನ ಹಾವಿನಂಥ ಮೀನು ಸ್ನೋಫ್ಲೇಕ್ ಈಲ್ ಮಾತ್ರ ಚಪ್ಪರಿಸಿ ತಿಂದಿತು. ಈ ಈಲಿನಿಂದ ಬೇರೊಂದು ಪೀಡೆಯಿತ್ತು: ಅದಕ್ಕೆ ಕಣ್ಣು ಮಂದ, ಮೂಗು ಚುರುಕು, ಬಾಂಗಡೆಯ ವಾಸನೆ ಹಿಡಿದು ಬಂದು ಕೋಲಿನ ತುದಿಯಿಂದಲೇ ಕಸಿಯುತ್ತಿತ್ತು. ಈಗ ಅದಕ್ಕೆ ಎದುರು ಮೂಲೆಯಲ್ಲಿ ಚಿಮಟದಿಂದ ಸಿಗಡಿ ತಿನ್ನಿಸಿದ ಮೇಲೆಯೇ ಲಯನ್‌ಫಿಶ್ ಕಡೆ ತಿರುಗುತ್ತೇನೆ. ಹಿಡಕಲ್ ಜಲಾಶಯದ ಸಣ್ಣ ಮೀನುಗಳನ್ನೂ ಒಮ್ಮೆ ತಂದು ನೋಡಿದೆ. ತಿಂದಿತು, ಆದರೆ ಕಾರ್ಪ್ ಕುಲದ ಮೀನುಗಳಲ್ಲೂ ಥಯಾಮಿನೇಸ್‌ನ ಕಾಟ ಇರುವುದರಿಂದ ಮುಂದುವರಿಸಲಿಲ್ಲ.

ಬಾಂಗಡೆ ಗೋವಾ ಮತ್ತು ಕಾರವಾರದ ಕಡೆಯಿಂದ ನಮ್ಮ ಮಾರುಕಟ್ಟೆಗೆ ಬರುತ್ತದೆ. ನಾನು ಎರಡೋ ಮೂರೋ ಮೀನು ಮಾತ್ರ ಕೊಳ್ಳುವುದನ್ನು ಕಂಡು ಮೀನು ಮಾರುವ ಮಾವಶಿ, "ಏನ್ರಿ ಸಾಹೇಬ್ರ, ಬೆಕ್ಕಿಗೇನ್ರಿ?" ಎಂದು ಕೇಳಿದ್ದರು; ಮೀನಿಗೆ ಎಂದಾಗ ನಂಬಲಿಲ್ಲ, ಆದರೂ ಅಂದಿನಿಂದ ಕಿವಿರು ಕೆಂಪಗಿರುವುದನ್ನೇ ಆರಿಸಿ ಕೊಡುತ್ತಾರೆ. 2018ರಲ್ಲಿ ಗೋವಾದಲ್ಲಿ ಮೀನು ಕೆಡದಂತೆ ಫಾರ್ಮಾಲಿನ್ ರಾಸಾಯನಿಕ ಹಾಕುತ್ತಾರೆಂಬ ಗದ್ದಲ ಎದ್ದಂದಿನಿಂದ ಮನೆಗೆ ತರುವ ಮೀನನ್ನೇ ಮೂಸಿ ನೋಡುವ ಅಭ್ಯಾಸ ನನಗಿತ್ತು, ಈಗ ಟ್ಯಾಂಕಿನ ಮೀನಿಗೂ ಅದೇ ತಪಾಸಣೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಕಾರಣ ಮೇ ಕೊನೆಯಲ್ಲೇ ಕಿಲೋದಷ್ಟು ತಂದು, ಸೀಳು ತೆಗೆದು, ಒಂದೊಂದು ಊಟಕ್ಕೆ ಬೇಕಾಗುವಷ್ಟನ್ನು ಬೇರೆಬೇರೆ ಪೊಟ್ಟಣ ಕಟ್ಟಿ ಫ್ರೀಜರ್‌ಗೆ ಹಾಕುತ್ತೇನೆ. ಇದಕ್ಕಾಗಿ ಹಳೆಯದೊಂದು ಚಿಕ್ಕ ಫ್ರಿಜ್ ಕೊಳ್ಳಬೇಕಾಯಿತು, ಏಕೆಂದರೆ ಮನೆಯ ಫ್ರಿಜ್ಜಿನಲ್ಲಿ ಬಾಂಗಡೆಗೆ ಜಾಗವಿಲ್ಲವೆಂದು ಮನೆಯವರು ಖಡಾಖಂಡಿತವಾಗಿ ಹೇಳಿದರು. ಕರಗಿದ ಮೇಲೆ ಆರ್‌ಒ ನೀರಿನಲ್ಲಿ ತೊಳೆದು, ಪುಡಿ ಮಾಡಿದ ಬಿ1 ಮಾತ್ರೆಯ ಚಿಟಿಕೆಯನ್ನು ಸವರಿ ಹತ್ತು ನಿಮಿಷ ಇಡುತ್ತೇನೆ. ಬಾಂಗಡೆಯಲ್ಲೂ ಥಯಾಮಿನೇಸ್ ಇದೆ, ಘನೀಕರಿಸಿದರೆ ಅದು ಸಾಯುವುದಿಲ್ಲ, ಆದ್ದರಿಂದ ಮಾತ್ರೆಯನ್ನು ಮೊದಲೇ ಹಾಕಿಟ್ಟರೆ ಪ್ರಯೋಜನವಿಲ್ಲ.

ಈಗ ವಾರಕ್ಕೆ ಮೂರು ಸಲ, ಪ್ರತಿಸಲ ನಾಲ್ಕೈದು ಸೀಳು. ಒಮ್ಮೊಮ್ಮೆ ಬಾಂಗಡೆಯ ಬದಲು ಸಿಪ್ಪೆ ಸಹಿತ ತಾಜಾ ಸಿಗಡಿ ಅಥವಾ ಬೊಂಡಾಸ್ (ಸ್ಕ್ವಿಡ್). ಅದು ಇನ್ನೂ ಬೇಡುತ್ತದೆ, ಗಾಜಿನ ಹತ್ತಿರ ಬಂದು ಕೋಲಿದ್ದ ಜಾಗವನ್ನೇ ನೋಡುತ್ತ ನಿಲ್ಲುತ್ತದೆ, ಆದರೂ ಕೊಡುವುದಿಲ್ಲ. ಸಾಕಿದ ಲಯನ್‌ಫಿಶ್‌ಗಳಲ್ಲಿ ಹಸಿವಿನಿಂದ ಹೋದವಕ್ಕಿಂತ ಅತಿಯಾಗಿ ತಿಂದು ಕೆಟ್ಟವನ್ನೇ ನಾನು ಹೆಚ್ಚು ನೋಡಿದ್ದೇನೆ. ಮೇವಿನ ಖರ್ಚು ತಿಂಗಳಿಗೆ ಇನ್ನೂರು ರೂಪಾಯಿ ದಾಟುವುದಿಲ್ಲ, ಮಾತ್ರೆಯೂ ಅದರಲ್ಲೇ ಸೇರಿದೆ. ಸದ್ಯ ವಿಜಯಪುರದ ಗೆಳೆಯರೊಬ್ಬರ ಫ್ರಾಗ್‌ಫಿಶ್ ಎಂಬ ಇನ್ನೊಂದು ಬೇಟೆಗಾರ ಕಡಲಮೀನಿನ ಮೇಲೆ ಇದೇ ವಿಧಾನವನ್ನು ನಡೆಸಿದ್ದೇವೆ. ಅದು ತುಂಡಿನ ಜೊತೆಗೆ ಕೋಲಿನ ತುದಿಯನ್ನೂ ಒಳಗೆಳೆದುಕೊಂಡು ಬಿಡುವುದೇ ಇಲ್ಲ; ಮುಂದಿನ ಸಲ ಹೋಗುವಾಗ ಇನ್ನೂ ತೆಳುವಾದ ಕಡ್ಡಿಯನ್ನು ಒಯ್ಯಬೇಕಾಗಿದೆ.