ಪಿಂಚಣಿ ದುಡ್ಡು ವಿಮಾ ಕಂಪನಿ ಕೈಗೆ ಹೋಗುವ ಮುನ್ನ

ತೋರಣಗಲ್ಲು, ಕುಡತಿನಿ, ದೋಣಿಮಲೈ ಕಡೆಯ ಕಾರ್ಖಾನೆ, ಗಣಿಗಳಲ್ಲಿ ಮೂವತ್ತು ವರ್ಷ ದುಡಿದವರು ಕೆಲಸದ ಕೊನೆಯ ವಾರ ಪಿಂಚಣಿ ಆರಿಸುವ ಒಂದು ಫಾರಂಗೆ ಅವಸರದಲ್ಲಿ ಸಹಿ ಹಾಕುತ್ತಾರೆ. ಆಯ್ಕೆಯ ಜಾಗ ಖಾಲಿ ಬಿಟ್ಟು, 'ಎಲ್ರೂ ಏನು ಹಾಕ್ತಾರೋ ಅದನ್ನೇ ಹಾಕಿ ಸರ್' ಅಂತ ಆಫೀಸಿನವರಿಗೆ ಕೊಟ್ಟು ಬರುತ್ತಾರೆ. ಆಮೇಲೆ ಗಂಡ ತೀರಿಕೊಂಡ ತಿಂಗಳೇ ಪಿಂಚಣಿ ನಿಂತುಹೋದ ಮನೆಗಳನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಯಾವ ದುಡ್ಡು ಯಾರ ಹತ್ತಿರ ಇದೆ?
ಪಿಎಫ್ ಜೊತೆ ಬರುವ ಪಿಂಚಣಿ 1995ರ ಇಪಿಎಸ್ (ನೌಕರರ ಪಿಂಚಣಿ) ಯೋಜನೆಯದು. ಕನಿಷ್ಠ 10 ವರ್ಷ ಸೇವೆ ಆಗಿದ್ದರೆ 58ಕ್ಕೆ ಭವಿಷ್ಯ ನಿಧಿ ಸಂಸ್ಥೆಯೇ ಅದನ್ನು ಕೊಡುತ್ತದೆ. ವಿಮಾ ಕಂಪನಿ ಕೈಗೆ ಹೋಗುವುದು ಸೂಪರ್ ಆನ್ಯುಯೇಷನ್ (ನೌಕರರ ನಿವೃತ್ತಿಗೆ ಕಂಪನಿ ಕಟ್ಟುವ ನಿಧಿ) ಮತ್ತು ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ದುಡ್ಡಿನ ಒಂದು ಪಾಲು. ಆ ಪಾಲಿನಿಂದ ಕೊಳ್ಳುವ ಪಿಂಚಣಿ ಪಾಲಿಸಿಯೇ ಆನ್ಯುಟಿ.

ಎರಡನೇ ಹೆಜ್ಜೆ: ಒಂದೇ ಗಂಟಿನಲ್ಲಿ ಎಷ್ಟು ತೆಗೆಯಬೇಕು?
ಗ್ರಾಚ್ಯುಟಿ ಸಿಕ್ಕವರು ಸೂಪರ್ ಆನ್ಯುಯೇಷನ್‌ನ ಮೂರನೇ ಒಂದು ಭಾಗವನ್ನು ತೆರಿಗೆ ಇಲ್ಲದೆ ತೆಗೆಯಬಹುದು. ತೆಗೆದುಬಿಡಿ. ತೆಗೆದ ದುಡ್ಡನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಿ. ಅಲ್ಲಿ ಒಬ್ಬರಿಗೆ 30 ಲಕ್ಷದವರೆಗೆ ಅವಕಾಶ ಇದೆ. ನಿವೃತ್ತಿಯ ಸುದ್ದಿ ತಿಳಿದ ಕೂಡಲೇ ಪರಿಚಯದ ಏಜೆಂಟರು 'ಗ್ಯಾರಂಟಿ ಇನ್‌ಕಮ್ ಪ್ಲಾನ್' ಹಿಡಿದು ಮನೆಗೆ ಬರುತ್ತಾರೆ. ಅರವತ್ತು ದಾಟಿದ ಮೇಲೆ ಹತ್ತು ವರ್ಷ ಕಂತು ಕಟ್ಟುವ ಪಾಲಿಸಿ ಯಾಕೆ ಬೇಕು? ಚಹಾ ಕೊಟ್ಟು ಕಳಿಸಿ.

ಮೂರನೇ ಹೆಜ್ಜೆ: ಆಯ್ಕೆಯ ಕಾಲಂ
ಜನ ಎಡವುವುದು ಇಲ್ಲೇ. ಆನ್ಯುಟಿ ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಬದಲಿಸಲು ಆಗುವುದಿಲ್ಲ. ಬಹುತೇಕ ಪಾಲಿಸಿಗಳಲ್ಲಿ ದುಡ್ಡು ವಾಪಸ್ ಕೇಳುವ ದಾರಿಯೂ ಇಲ್ಲ. ಆದ್ದರಿಂದ ಫಾರಂ ಮನೆಗೆ ತನ್ನಿ. ಹೆಂಡತಿಯ ಜೊತೆ ಕೂತು ಓದಿ.

20 ಲಕ್ಷ ಆನ್ಯುಟಿಗೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. 'ನನ್ನ ಜೀವ ಇರುವವರೆಗೆ ಮಾತ್ರ' ಎಂಬ ಆಯ್ಕೆಗೆ ವರ್ಷಕ್ಕೆ ಶೇ 8 ದರ ಅಂದುಕೊಂಡರೆ ತಿಂಗಳಿಗೆ ಸುಮಾರು 13,333 ರೂಪಾಯಿ. 'ಇಬ್ಬರಿಗೂ ಪಿಂಚಣಿ, ಆಮೇಲೆ ಅಸಲು ಮಕ್ಕಳಿಗೆ' ಎಂಬುದಕ್ಕೆ ಶೇ 6.5 ಅಂದುಕೊಂಡರೆ ಸುಮಾರು 10,833. ಈ ದರಗಳು ಲೆಕ್ಕಕ್ಕೆ ಇಟ್ಟುಕೊಂಡವು. ನೀವು ಕೊಳ್ಳುವ ದಿನದ ದರ ಕೇಳಿ ತಿಳಿದುಕೊಳ್ಳಿ.

ಜನ ಆ 2,500 ರೂಪಾಯಿ ಜಾಸ್ತಿ ನೋಡಿ ಮೊದಲನೆಯದಕ್ಕೆ ಗುರುತು ಹಾಕುತ್ತಾರೆ. ಗಂಡ ಎರಡೇ ವರ್ಷದಲ್ಲಿ ಹೋದರೆ ಆ 20 ಲಕ್ಷದಲ್ಲಿ ಅಷ್ಟರವರೆಗೆ ಕೊಟ್ಟ ಪಿಂಚಣಿ ಬಿಟ್ಟು ಮಿಕ್ಕಿದ್ದೆಲ್ಲ ವಿಮಾ ಕಂಪನಿಗೇ ಉಳಿಯುತ್ತದೆ. ಹೆಂಡತಿಗೆ ಸ್ವಂತ ಆದಾಯ ಇಲ್ಲದಿದ್ದರೆ ಎರಡನೆಯದನ್ನೇ ಹಾಕಿ. ಅದರಲ್ಲೂ ಹೆಂಡತಿಗೆ ಶೇ 100 ಪಿಂಚಣಿ ಬರುತ್ತದೋ, ಶೇ 50 ಮಾತ್ರವೋ ನೋಡಿ. ಎರಡೂ ಬೇರೆ ಬೇರೆ ಸಾಲಿನಲ್ಲಿ ಇರುತ್ತವೆ.

ಇನ್ನೊಂದು ಮಾತು. ಈ ಮೊತ್ತ ಏರುವುದಿಲ್ಲ. ಬೆಲೆ ವರ್ಷಕ್ಕೆ ಶೇ 5ರಂತೆ ಏರಿದರೆ ಇಂದಿನ 10,833 ರೂಪಾಯಿ 15 ವರ್ಷದ ನಂತರ ಕೊಳ್ಳುವುದು ಇಂದಿನ 5,200 ರೂಪಾಯಿಯಷ್ಟನ್ನೇ. ವರ್ಷಕ್ಕೆ ಶೇ 3 ಏರುವ ಆಯ್ಕೆ ಇದ್ದರೆ ಅದರ ದರವನ್ನೂ ಕೇಳಿ.

ನಾಲ್ಕನೇ ಹೆಜ್ಜೆ: ಕೊಡುವವರು ಗಟ್ಟಿ ಇದ್ದಾರಾ?
ಆನ್ಯುಟಿ ಕೊಂಡ ಮೇಲೆ ನೀವು ದುಡಿದ ಕಂಪನಿಗೆ ಜವಾಬ್ದಾರಿ ಇಲ್ಲ. ಮುಂದಿನ ಇಪ್ಪತ್ತು, ಮೂವತ್ತು ವರ್ಷ ನೀವು ನಂಬಬೇಕಾದ್ದು ವಿಮಾ ಕಂಪನಿಯನ್ನು. ಅಮೆರಿಕದ ಪೆಸಿಫಿಕ್ ಲಂಬರ್ ಕಂಪನಿಯನ್ನು 1986ರಲ್ಲಿ ಮ್ಯಾಕ್ಸಾಮ್ ಎಂಬ ಹಣಕಾಸು ಗುಂಪು ಕೊಂಡಿತು. ಕಾರ್ಮಿಕರ ಪಿಂಚಣಿ ನಿಧಿ ಮುಚ್ಚಿ, ಎಕ್ಸಿಕ್ಯುಟಿವ್ ಲೈಫ್ ಎಂಬ ವಿಮಾ ಕಂಪನಿಯಿಂದ ಆನ್ಯುಟಿ ಕೊಂಡು, ಮಿಕ್ಕ ಹಣವನ್ನು ತಾನಿಟ್ಟುಕೊಂಡಿತು. ಆ ವಿಮಾ ಕಂಪನಿ ಜಾಸ್ತಿ ಬಡ್ಡಿಯ ಆಸೆಗೆ ಅಪಾಯದ ಬಾಂಡ್‌ಗಳಲ್ಲಿ ದುಡ್ಡು ಹಾಕಿತ್ತು. 1991ರಲ್ಲಿ ಕುಸಿಯಿತು. ನಿವೃತ್ತರ ಪಿಂಚಣಿ ಕೆಲಕಾಲ ಶೇ 70ಕ್ಕೆ ಇಳಿಯಿತು. ನಮ್ಮಲ್ಲೂ 2018ರಲ್ಲಿ ಐಎಲ್ ಅಂಡ್ ಎಫ್ಎಸ್ ಎಂಬ ಹಣಕಾಸು ಸಂಸ್ಥೆ ಸಾಲ ತೀರಿಸದೆ ಹೋದಾಗ ಎಷ್ಟೋ ಕಂಪನಿಗಳ ಪಿಎಫ್ ಟ್ರಸ್ಟ್‌ಗಳ ಹಣ ಅದರಲ್ಲಿ ಸಿಕ್ಕಿಬಿತ್ತು.

ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ ಆನ್ಯುಟಿಗೆ ಇಲ್ಲ. ಎಲ್‌ಐಸಿ ಪಾಲಿಸಿಗಳಿಗೆ ಮಾತ್ರ 1956ರ ಎಲ್‌ಐಸಿ ಕಾಯ್ದೆಯ 37ನೇ ಕಲಂ ಪ್ರಕಾರ ಕೇಂದ್ರ ಸರ್ಕಾರದ ಖಾತರಿ ಇದೆ. ಬೇರೆಯವರ ದರ ಕಾಲು ಪರ್ಸೆಂಟ್ ಜಾಸ್ತಿ ಇದ್ದರೂ ಇಡೀ ಬಾಳಿನ ದುಡ್ಡಿಗೆ ಖಾತರಿಯೇ ಮುಖ್ಯ ಅನ್ನುವವನು ನಾನು. ಖಾಸಗಿಯೇ ಬೇಕೆಂದರೆ ಅವರ ವೆಬ್‌ಸೈಟಿನಲ್ಲಿ ಸಾಲ್ವೆನ್ಸಿ ಅನುಪಾತ (ಕೊಡಬೇಕಾದ್ದನ್ನು ಕೊಡುವ ಶಕ್ತಿಯ ಅಳತೆ) ಹುಡುಕಿ. ವಿಮಾ ನಿಯಂತ್ರಕರು ಹಾಕಿರುವ ಕನಿಷ್ಠ ಮಿತಿ 1.5. ಅದರ ಅಂಚಿನಲ್ಲಿ ಇರುವವರ ಸಹವಾಸ ಬೇಡ. ಎನ್‌ಪಿಎಸ್‌ನಲ್ಲಿ ಕಂಪನಿ ಆರಿಸುವುದು ನೀವೇ. ಸೂಪರ್ ಆನ್ಯುಯೇಷನ್‌ನಲ್ಲಿ ಆ ನಿಧಿ ನೋಡಿಕೊಳ್ಳುವ ಟ್ರಸ್ಟ್ ಬೇರೆ ವಿಮಾ ಕಂಪನಿ ಆರಿಸಲು ಬಿಡುತ್ತದಾ ಅಂತ ಬರಹದಲ್ಲಿ ಕೇಳಿ. ಬಾಯಿಮಾತಿನ ಉತ್ತರ ಒಪ್ಪಬೇಡಿ.

ಕೊನೆಗೆ
ನಾಮಿನಿ ಹೆಸರು ಆಧಾರ್‌ನಲ್ಲಿ ಇದ್ದಂತೆ ಬರೆಯಿರಿ. ಕಂಪನಿ ಕೇಳಿದಾಗಲೆಲ್ಲ ಜೀವಂತ ಪ್ರಮಾಣಪತ್ರ ಕೊಡಿ. ಪಾಲಿಸಿ ಕೈಗೆ ಬಂದ ದಿನವೇ ಆಯ್ಕೆಯ ಸಾಲು ಓದಿ. ತಪ್ಪಿದ್ದರೆ 30 ದಿನದ 'ಫ್ರೀ ಲುಕ್' (ಪಾಲಿಸಿ ಬೇಡ ಅಂತ ವಾಪಸ್ ಮಾಡಬಹುದಾದ) ಅವಧಿಯೊಳಗೆ ಪತ್ರ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ.