ಬಾರ್‌ನಲ್ಲಿ ಪಕ್ಕದ ಟೇಬಲ್‌ನವರು ಸಿಗರೇಟ್ ಹಚ್ಚಿದರೆ ಏನು ಮಾಡಬೇಕು?

ಬಾರ್ ಒಳಗೆ ಸಿಗರೇಟ್ ಸೇದುವ ಹಾಗಿಲ್ಲ. ಇದೇನು ನಿನ್ನೆ ಮೊನ್ನೆ ಬಂದ ಕಾನೂನಲ್ಲ. 2003ರ ಕೋಟ್ಪಾ ಕಾಯ್ದೆಯ, ಅಂದರೆ ತಂಬಾಕು ನಿಯಂತ್ರಣ ಕಾಯ್ದೆಯ, 4ನೇ ಸೆಕ್ಷನ್ ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅಂತ ಹೇಳುತ್ತದೆ, 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳಲ್ಲಿ ಪಬ್, ಬಾರ್, ಡಿಸ್ಕೊಥೆಕ್ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಆದರೂ ಶನಿವಾರ ರಾತ್ರಿ ಬೆಂಗಳೂರಿನ ಎಷ್ಟೋ ಬಾರ್‌ಗಳಲ್ಲಿ ಮೂಲೆ ಟೇಬಲ್‌ನವರು ಆರಾಮಾಗಿ ಹಚ್ಚಿರುತ್ತಾರೆ. ಸಪ್ಲೈಯರ್ ಒಂದು ಸ್ಟೀಲ್ ತಟ್ಟೆಗೆ ಟಿಶ್ಯೂ ಹಾಕಿ, ಮೇಲೆ ನೀರು ಚಿಮುಕಿಸಿ ತಂದಿಟ್ಟಿರುತ್ತಾರೆ. ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಕೊಡಬಾರದು ಅಂತ ನಿಯಮ ಇದೆ ನೋಡಿ, ಅದಕ್ಕೇ ಈ ತಟ್ಟೆ. ಅಂದರೆ ಗೊತ್ತಿಲ್ಲದೆ ನಡೆಯುತ್ತಿರೋದಲ್ಲ, ಗೊತ್ತಿದ್ದೇ ನಡೆಯುತ್ತಿರೋದು.

ಇಷ್ಟು ವರ್ಷ ದಂಡ 200 ರೂಪಾಯಿ ಇತ್ತು. ಯಾರು ಹೆದರುತ್ತಾರೆ? ಒಳ್ಳೆ ಪಬ್‌ನಲ್ಲಿ ಅದು ಒಂದು ಮಗ್ ಬಿಯರ್ ದುಡ್ಡೂ ಅಲ್ಲ. ಕರ್ನಾಟಕ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ರಾಷ್ಟ್ರಪತಿ ಒಪ್ಪಿಗೆ ಸಿಕ್ಕಿ, 2025ರ ಮೇ ಕೊನೆಯಲ್ಲಿ ಅದು ಜಾರಿಗೆ ಬಂತು. ಈಗ ದಂಡ 1000 ರೂಪಾಯಿವರೆಗೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮಾತಾಡುವಾಗ ಉಪಯೋಗಕ್ಕೆ ಬರುತ್ತದೆ.

ಮೊದಲು ಯಾರ ಹತ್ತಿರ ಮಾತಾಡಬೇಕು

ಸೇದುತ್ತಿರುವವರ ಹತ್ತಿರ ಅಲ್ಲ. ಎರಡು ಪೆಗ್ ಒಳಗೆ ಹೋದವರಿಗೆ ಕಾನೂನು ಹೇಳೋಕೆ ಹೋದರೆ ಮಾತು ಸಿಗರೇಟ್ ಬಿಟ್ಟು "ನೀನ್ಯಾರೋ ಕೇಳೋಕೆ" ಅನ್ನುವ ಕಡೆ ತಿರುಗುತ್ತದೆ, ನೀವೂ ಆಗಲೇ ಎರಡು ಹಾಕಿರುತ್ತೀರಿ, ಆಮೇಲೆ ಅದು ಎಲ್ಲಿಗೆ ಹೋಗುತ್ತೆ ಅಂತ ಹೇಳೋಕಾಗಲ್ಲ.

ಸಪ್ಲೈಯರ್‌ಗೂ ಬೈಯಬೇಡಿ. ರೆಗ್ಯುಲರ್ ಗಿರಾಕಿಗೆ ಎದುರು ಮಾತಾಡಿದರೆ ಟಿಪ್ಸ್ ಹೋಯಿತು, ಕೆಲವು ಕಡೆ ಕೆಲಸವೇ ಹೋಯಿತು. ಆ ಹೊಗೆಯಿಂದ ಜಾಸ್ತಿ ಪೆಟ್ಟು ಬೀಳೋದೂ ಅವರಿಗೇ. ನೀವು ಎರಡು ಗಂಟೆ ಕೂತು ಎದ್ದು ಹೋಗುತ್ತೀರಿ, ಅವರು ಶಟರ್ ಎಳೆಯುವವರೆಗೆ, ಅದೂ ದಿನಾ, ಅದೇ ಗಾಳಿಯಲ್ಲಿ ಓಡಾಡಬೇಕು. ಐರ್ಲೆಂಡ್ 2004ರ ಮಾರ್ಚ್ 29ರಂದು ಇಡೀ ದೇಶದ ಪಬ್‌ಗಳಲ್ಲಿ ಸಿಗರೇಟ್ ನಿಲ್ಲಿಸಿದ್ದು ಮುಖ್ಯವಾಗಿ ಕೆಲಸದವರ ಆರೋಗ್ಯದ ಹೆಸರಿನಲ್ಲೇ. ನಮ್ಮ 2008ರ ನಿಯಮದಲ್ಲೂ ಕೆಲಸದ ಜಾಗ ಅಂದರೆ ಸಾರ್ವಜನಿಕ ಜಾಗ ಅಂತಲೇ ಲೆಕ್ಕ.

ಹಾಗಾಗಿ ಸಪ್ಲೈಯರ್‌ಗೆ ಇಷ್ಟೇ ಹೇಳಿ: "ಅಣ್ಣಾ, ಸ್ವಲ್ಪ ಮ್ಯಾನೇಜರ್‌ನ ಕರೀತೀರಾ?" ಮ್ಯಾನೇಜರ್ ಬಂದ ಮೇಲೆ ಧ್ವನಿ ಏರಿಸದೆ, "ಸರ್, ಒಳಗೆ ಸೇದುತ್ತಿದ್ದಾರೆ, ನಿಲ್ಲಿಸೋಕೆ ಹೇಳಿ. ನಾನು ನಿಮಗೆ ತಿಳಿಸಿದ್ದೀನಿ" ಅನ್ನಿ. ಆ ಎರಡನೇ ವಾಕ್ಯ ಮುಖ್ಯ. ಯಾಕೆಂದರೆ ದೂರು ಕಿವಿಗೆ ಬಿದ್ದ ಮೇಲೂ ಮಾಲೀಕರೋ ಮ್ಯಾನೇಜರೋ ಸುಮ್ನೆ ಇದ್ದರೆ, ಒಳಗೆ ಎಷ್ಟು ಜನ ಸೇದುತ್ತಿದ್ದರೋ ಅಷ್ಟೂ ಜನರ ದಂಡ ಅವರ ತಲೆ ಮೇಲೆ ಬರುತ್ತದೆ. ಇದು ಗೊತ್ತಿರುವ ಮ್ಯಾನೇಜರ್ ತಕ್ಷಣ ಎದ್ದು ಹೋಗುತ್ತಾರೆ. ಗೊತ್ತಿಲ್ಲದಿದ್ದರೆ ನೀವೇ ಹೇಳಿ.

ಯಾರಿಗೆ ಹೇಳಬೇಕು ಅಂತ ಗೊತ್ತಾಗಲಿಲ್ಲವಾ? ಬಾಗಿಲ ಹತ್ತಿರ ಬೋರ್ಡ್ ನೋಡಿ. ಕನಿಷ್ಠ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಬಿಳಿ ಬೋರ್ಡ್ ಇರಬೇಕು, ಇಲ್ಲಿ ಧೂಮಪಾನ ಅಪರಾಧ ಅಂತ ಬರೆದಿರಬೇಕು, ದೂರು ಯಾರಿಗೆ ಕೊಡಬೇಕು ಅನ್ನುವ ಹೆಸರನ್ನೂ ಹಾಕಿರಬೇಕು. ಬಾಗಿಲಿಗೆ ಮಾತ್ರ ಅಲ್ಲ, ಪ್ರತಿ ಫ್ಲೋರ್‌ಗೂ, ಮೆಟ್ಟಿಲ ಹತ್ತಿರ, ಲಿಫ್ಟ್ ಹತ್ತಿರ ಕೂಡ. ಎಷ್ಟೋ ಕಡೆ ಅಂಗೈ ಅಗಲದ ಸ್ಟಿಕ್ಕರ್ ಅಂಟಿಸಿ ಕೈತೊಳೆದುಕೊಂಡಿರುತ್ತಾರೆ. ಅದು ಲೆಕ್ಕಕ್ಕಿಲ್ಲ.

"ಸ್ಮೋಕಿಂಗ್ ರೂಮ್ ಇದೆ ಸರ್" ಅಂದಾಗ

ಇಲ್ಲೇ ಜಾಸ್ತಿ ಮೋಸ ನಡೆಯೋದು, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಸ್ಮೋಕಿಂಗ್ ರೂಮ್ ಮಾಡಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ಎಲ್ಲರಿಗೂ ಅಲ್ಲ. ರೆಸ್ಟೋರೆಂಟ್ ಆದರೆ ಕನಿಷ್ಠ 30 ಸೀಟ್, ಹೋಟೆಲ್ ಆದರೆ 30 ರೂಮ್ ಇರಬೇಕು. ನಾಲ್ಕು ಟೇಬಲ್‌ನ ಬಾರ್‌ನಲ್ಲಿ ಸ್ಮೋಕಿಂಗ್ ರೂಮ್ ಅಂತ ಬೋರ್ಡ್ ಹಾಕಿದರೆ ಅದು ಬೋರ್ಡ್ ಅಷ್ಟೇ.

ಆ ರೂಮ್‌ಗೆ ನಾಲ್ಕೂ ಕಡೆ ನೆಲದಿಂದ ಚಾವಣಿವರೆಗೆ ಗೋಡೆ ಇರಬೇಕು. ಗಾಜಿನದ್ದಾದರೂ ಸರಿ, ಆದರೆ ಅರ್ಧ ಗೋಡೆ, ಬಿದಿರಿನ ತಟ್ಟಿ, ಪರದೆ ಇವೆಲ್ಲ ನಡೆಯಲ್ಲ. ಬಾಗಿಲು ತಾನಾಗೇ ಮುಚ್ಚಿಕೊಳ್ಳಬೇಕು, ಮುಚ್ಚಿಯೇ ಇರಬೇಕು. ಹೊಗೆ ನೇರವಾಗಿ ಕಟ್ಟಡದ ಹೊರಗೆ ಹೋಗಬೇಕು, ಎಸಿ ಮೂಲಕ ಸುತ್ತಿ ಮತ್ತೆ ನಿಮ್ಮ ಟೇಬಲ್‌ಗೆ ಬರಬಾರದು. ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಕಮ್ಮಿ ಇರಬೇಕು. ಕಟ್ಟಡದ ಒಳಗೆ ಬರುವ, ಹೋಗುವ ದಾರಿಯಲ್ಲಿ ಆ ರೂಮ್ ಇರಬಾರದು.

ಗಾಳಿ ಒತ್ತಡವನ್ನು ನಾನು ಹೇಗೆ ಅಳೆಯಲಿ ಅಂತ ಕೇಳಬೇಡಿ, ಟೇಬಲ್ ಮೇಲೆ ಟಿಶ್ಯೂ ಇದೆಯಲ್ಲ. ಒಂದು ಪದರ ಬಿಡಿಸಿ, ಬೆರಳಗಲ ಉದ್ದಕ್ಕೆ ಹರಿದು, ಮುಚ್ಚಿದ ಬಾಗಿಲಿನ ಕೆಳಗಿನ ಸಂದಿಯ ಹತ್ತಿರ ಹಿಡಿಯಿರಿ. ತುದಿ ರೂಮ್ ಕಡೆಗೆ ಎಳೆದುಕೊಂಡರೆ ಗಾಳಿ ಒಳಗೆ ಹೋಗುತ್ತಿದೆ, ಫ್ಯಾನ್ ಕೆಲಸ ಮಾಡುತ್ತಿದೆ ಅಂತ ಅರ್ಥ. ನಿಮ್ಮ ಕಡೆಗೆ ಬಾಗಿದರೆ ಹೊಗೆ ಹೊರಗೆ ಬರುತ್ತಿದೆ. ಅಲುಗಾಡದೆ ನೇತಾಡುತ್ತಿದ್ದರೆ ಎಕ್ಸಾಸ್ಟ್ ಫ್ಯಾನ್ ಶೋಕಿಗೆ ಇಟ್ಟಿದ್ದಾರೆ. ಇದು ಕೋರ್ಟ್‌ನಲ್ಲಿ ನಿಲ್ಲುವ ಸಾಕ್ಷಿ ಅಲ್ಲ, ಆದರೆ ಮ್ಯಾನೇಜರ್ ಎದುರಿಗೆ ಮಾಡಿ ತೋರಿಸಿದರೆ ಅವರ ಮುಖ ನೋಡಬೇಕು.

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಬೇರೆ ಇದೆ. ರೂಮ್ ಒಳಗೆ ಇಣುಕಿ, ಟೇಬಲ್ ಇದೆಯಾ? ಟೇಬಲ್ ಮೇಲೆ ಬಿಯರ್ ಗ್ಲಾಸ್, ಕಾಂಗ್ರೆಸ್ ಕಡ್ಲೆ, ಚಿಲ್ಲಿ ಚಿಕನ್ ಇದೆಯಾ? ಇದ್ದರೆ ಅಲ್ಲಿಗೆ ಮುಗಿಯಿತು. ಸ್ಮೋಕಿಂಗ್ ರೂಮ್‌ನಲ್ಲಿ ಸೇದುವುದು ಬಿಟ್ಟು ಬೇರೆ ಯಾವ ಸರ್ವಿಸೂ ಕೊಡುವ ಹಾಗಿಲ್ಲ. ಎದ್ದು ಹೋಗಿ, ನಿಂತು ಸೇದಿ, ವಾಪಸ್ ಬರಬೇಕು, ಅಷ್ಟೇ. ಸೋಫಾ ಹಾಕಿ, ಟಿವಿಯಲ್ಲಿ ಮ್ಯಾಚ್ ಹಚ್ಚಿ, ಆರ್ಡರ್ ತೆಗೆದುಕೊಳ್ಳೋಕೆ ಹುಡುಗನ್ನ ಒಳಗೆ ಕಳಿಸುತ್ತಾರೆ ಅಂದರೆ ಅದು ಗಾಜು ಹಾಕಿದ ಇನ್ನೊಂದು ಬಾರ್.

ರೂಫ್‌ಟಾಪ್ ಬಗ್ಗೆಯೂ ಹೇಳಬೇಕು. "ಓಪನ್ ಏರ್ ಸರ್, ಇಲ್ಲಿ ಓಕೆ" ಅನ್ನುತ್ತಾರೆ. ಓಕೆ ಅಲ್ಲ. ನಿಯಮದಲ್ಲಿ ರೆಸ್ಟೋರೆಂಟ್ ಅಂದರೆ ಅದರ ಸುತ್ತಲಿನ ತೆರೆದ ಜಾಗವೂ ಸೇರಿ ಅಂತ ಇದೆ. ಮೇಲೆ ಆಕಾಶ ಕಂಡ ಮಾತ್ರಕ್ಕೆ ಕೆಳಗಿನ ಟೇಬಲ್ ರಸ್ತೆ ಆಗಿಬಿಡಲ್ಲ.

ಅವರ ನೆಪ, ನಿಮ್ಮ ಉತ್ತರ

"ರೆಗ್ಯುಲರ್ ಕಸ್ಟಮರ್ ಸರ್, ಹೇಳೋಕಾಗಲ್ಲ, ನಿಮಗೆ ಬೇರೆ ಟೇಬಲ್ ಕೊಡ್ತೀನಿ." ಆ ಕಡೆ ಟೇಬಲ್‌ಗೂ ಅದೇ ಎಸಿ ಗಾಳಿ ಬರೋದು. "ನನಗೆ ಟೇಬಲ್ ಬೇಡ, ಅವರಿಗೆ ಹೊರಗೆ ಹೋಗೋಕೆ ಹೇಳಿ" ಅನ್ನಿ.

"ಹತ್ತು ಗಂಟೆ ಮೇಲೆ ನಮ್ಮಲ್ಲಿ ಬಿಡ್ತೀವಿ ಸರ್." ಗಂಟೆ ನೋಡಿ ಬದಲಾಗುವ ಕಾನೂನು ಇಲ್ಲ.

ನೈಟ್‌ಕ್ಲಬ್‌ಗಳಲ್ಲಿ ಒಂದು ವಿಶೇಷ ನೆಪ ಇದೆ, "ಅದು ಫಾಗ್ ಮಷಿನ್ ಹೊಗೆ ಸರ್." ಕತ್ತಲು, ಲೇಸರ್ ಲೈಟು, ಡಿಜೆ ಸದ್ದು, ಯಾರು ಹಚ್ಚಿದ್ದಾರೆ ಅಂತ ಕಾಣೋದೂ ಇಲ್ಲ. ಕಣ್ಣು ಬಿಟ್ಟು ಮೂಗು ನಂಬಿ. ಕ್ಲಬ್‌ಗಳಲ್ಲಿ ಮ್ಯಾನೇಜರ್ ಹುಡುಕುವ ಬದಲು ಬೌನ್ಸರ್‌ಗೆ ಹೇಳಿದರೆ ಕೆಲಸ ಬೇಗ ಆಗುತ್ತದೆ, ಅವರಿಗೆ ಗಿರಾಕಿಯ ಮುಲಾಜು ಕಮ್ಮಿ. ವಾಶ್‌ರೂಮ್‌ನಲ್ಲಿ ಸೇದುವವರನ್ನೂ ಅವರೇ ಹೊರಗೆ ತರಬಲ್ಲರು.

"ಇದು ವೇಪ್ ಸರ್, ಸಿಗರೇಟ್ ಅಲ್ಲ." ಇನ್ನೂ ಒಳ್ಳೆಯದಾಯಿತು. ಇ-ಸಿಗರೇಟ್ ಮಾರೋದು, ತರಿಸೋದು, ದಾಸ್ತಾನು ಇಡೋದು 2019ರಿಂದ ದೇಶದಲ್ಲೇ ನಿಷೇಧ. ಕೌಂಟರ್ ಹಿಂದೆ ಅದನ್ನು ಇಟ್ಟುಕೊಂಡು ಮಾರುತ್ತಿದ್ದರೆ ಅದು ಜೈಲಿನವರೆಗೆ ಹೋಗುವ ವಿಷಯ.

"ಹರ್ಬಲ್ ಹುಕ್ಕಾ, ನಿಕೋಟಿನ್ ಇಲ್ಲ." 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹುಕ್ಕಾ ನಿಷೇಧಿಸಿದಾಗ ನಿಕೋಟಿನ್ ಇರುವುದು, ಇಲ್ಲದಿರುವುದು ಎರಡನ್ನೂ ಸೇರಿಸಿಯೇ ನಿಷೇಧಿಸಿತು. ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ತಿದ್ದುಪಡಿ ಪ್ರಕಾರ ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು, 50 ಸಾವಿರದಿಂದ 1 ಲಕ್ಷ ರೂಪಾಯಿ ದಂಡ. ಇಲ್ಲಿ ಮ್ಯಾನೇಜರ್ ಜೊತೆ ಮಾತೇ ಬೇಡ, ಬಿಲ್ ಕೊಟ್ಟು ಹೊರಗೆ ಬಂದು ಪೊಲೀಸರಿಗೆ ಹೇಳಿ.

ನೀವೇ ಬಾರ್ ನಡೆಸುತ್ತಿದ್ದರೆ

"ಸಿಗರೇಟ್ ನಿಲ್ಲಿಸಿದರೆ ವ್ಯಾಪಾರ ಬೀಳುತ್ತೆ" ಅನ್ನೋದು ಹಳೇ ಭಯ. ಪಕ್ಕದ ಬಾರ್‌ನವರು ಬಿಡುತ್ತಾರೆ, ನಾವು ಮಾತ್ರ ಯಾಕೆ ಅನ್ನೋದು ಅದಕ್ಕಿಂತ ನಿಜವಾದ ಕಷ್ಟ, ಅದನ್ನು ನಾನು ಒಪ್ಪುತ್ತೇನೆ. ಆದರೆ ಕುಟುಂಬ ಕರೆದುಕೊಂಡು ಊಟಕ್ಕೆ ಬಂದವರು ಹೊಗೆ ನೋಡಿ ಬಾಗಿಲಿನಿಂದಲೇ ವಾಪಸ್ ಹೋಗೋದು ನಿಮ್ಮ ಲೆಕ್ಕದ ಪುಸ್ತಕದಲ್ಲಿ ಕಾಣಲ್ಲ.

ಮಾಡಬೇಕಾದ್ದು ಜಾಸ್ತಿ ಇಲ್ಲ. ಸರಿಯಾದ ಅಳತೆಯ ಬೋರ್ಡ್ ಹಾಕಿಸಿ. ಒದ್ದೆ ಟಿಶ್ಯೂ ತಟ್ಟೆ ನಿಲ್ಲಿಸಿ. "ಒಂದು ಸಿಗರೇಟ್ ತಂದುಬಿಡು ಗುರು" ಅಂದಾಗ ಹುಡುಗರು ಓಡಿ ಹೋಗಿ ಬಿಡಿ ಸಿಗರೇಟ್ ತರುವ ಅಭ್ಯಾಸ ಇದೆಯಲ್ಲ, ಅದನ್ನೂ ಬಿಡಿಸಿ. ಕರ್ನಾಟಕದಲ್ಲಿ ಈಗ ಬಿಡಿ ಸಿಗರೇಟ್ ಮಾರುವ ಹಾಗಿಲ್ಲ, 21 ವರ್ಷ ಆಗದವರಿಗೆ ಪ್ಯಾಕ್ ಕೂಡ ಮಾರುವ ಹಾಗಿಲ್ಲ. ಗಿರಾಕಿಗೆ ಏನು ಹೇಳಬೇಕು ಅಂತ ಹುಡುಗರಿಗೆ ಒಂದೇ ಮಾತು ಕಲಿಸಿ: "ಸರ್, ಫೈನ್ ನಮಗೆ ಬೀಳುತ್ತೆ, ದಯವಿಟ್ಟು ಹೊರಗೆ." ಬುದ್ಧಿಮಾತು ಹೇಳಿದರೆ ಜನ ಸಿಟ್ಟಾಗುತ್ತಾರೆ, ಕಷ್ಟ ಹೇಳಿಕೊಂಡರೆ ಎದ್ದು ಹೋಗುತ್ತಾರೆ. ಸೇದಿ ಬರುವವರೆಗೆ ಗ್ಲಾಸ್, ತಟ್ಟೆ ಎತ್ತಬೇಡಿ, ಟೇಬಲ್ ಬೇರೆಯವರಿಗೆ ಕೊಡಬೇಡಿ. ಅರ್ಧ ಜಗಳ ಅಲ್ಲೇ ತಪ್ಪುತ್ತದೆ. ಹೊರಗೆ ಕೂಡ ಬಾಗಿಲಿಗೆ ಅಡ್ಡ ನಿಲ್ಲದ ಹಾಗೆ ಸ್ವಲ್ಪ ದೂರ ಜಾಗ ತೋರಿಸಿ, ಇಲ್ಲದಿದ್ದರೆ ಬಾಗಿಲು ತೆಗೆದಾಗಲೆಲ್ಲ ಹೊಗೆ ಒಳಗೇ ಬರುತ್ತದೆ.

ಹೇಳಿದರೂ ಕೇಳದಿದ್ದರೆ ದೂರು

ಬಿಲ್ ಬಿಸಾಡಬೇಡಿ. ಅದರಲ್ಲಿ ಬಾರ್ ಹೆಸರು, ವಿಳಾಸ, ತಾರೀಖು, ಸಮಯ, ಎಷ್ಟೋ ಕಡೆ ಟೇಬಲ್ ನಂಬರ್ ಕೂಡ ಇರುತ್ತದೆ. ನೀವು ಆ ಹೊತ್ತಿಗೆ ಅಲ್ಲಿದ್ದಿರಿ ಅನ್ನೋಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಫೋಟೋ ತೆಗೆಯುವುದಾದರೆ ಜನರ ಮುಖಕ್ಕೆ ಫೋನ್ ಹಿಡಿಯಬೇಡಿ, ಅದು ಇನ್ನೊಂದು ಜಗಳ. ತಟ್ಟೆಯಲ್ಲಿನ ತುಂಡುಗಳು, ಬೋರ್ಡ್ ಇರಬೇಕಾದ ಖಾಲಿ ಗೋಡೆ, ತೆರೆದೇ ಇರುವ ಸ್ಮೋಕಿಂಗ್ ರೂಮ್ ಬಾಗಿಲು, ಒಳಗಿನ ಗ್ಲಾಸುಗಳು, ಇಷ್ಟು ಸಾಕು.

ಆ ಹೊತ್ತಿಗೇ ಪೊಲೀಸರು ಬರಬೇಕು ಅಂದರೆ 112. ಸಬ್ ಇನ್ಸ್‌ಪೆಕ್ಟರ್ ಮತ್ತು ಮೇಲಿನವರಿಗೆ ಈ ಕಾಯ್ದೆಯಡಿ ಕ್ರಮ ತೆಗೆದುಕೊಳ್ಳುವ ಅಧಿಕಾರ ಇದೆ. ಶನಿವಾರ ರಾತ್ರಿ ಅವರಿಗೆ ಇದಕ್ಕಿಂತ ದೊಡ್ಡ ತಲೆನೋವು ಇರುತ್ತದೆ, ಹಾಗಾಗಿ ಹೆಚ್ಚಿನ ಸಲ ಮಾರನೇ ದಿನ ಬರೆದು ಕೊಡುವ ದೂರೇ ಕೆಲಸ ಮಾಡೋದು. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ತಂಬಾಕು ನಿಯಂತ್ರಣ ಕೋಶ ಇದೆ, ಅಲ್ಲಿಗೆ ಕೊಡಿ. ಒಂದು ಪ್ರತಿಯನ್ನು ನಿಮ್ಮ ಪಾಲಿಕೆಯ ಆರೋಗ್ಯಾಧಿಕಾರಿಗೂ ಕೊಡಿ, ಟ್ರೇಡ್ ಲೈಸೆನ್ಸ್ ಕೊಡೋದು ಪಾಲಿಕೆ, ಬಾರ್‌ನವರು ಹೆದರೋದು ಅದಕ್ಕೇ. ಬೆಂಗಳೂರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ, ಆ ಬಾರ್ ಯಾವುದರಲ್ಲಿ ಬರುತ್ತದೆ ಅಂತ ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ದೂರು ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ.

ದೂರಿನಲ್ಲಿ ಕಥೆ ಬರೆಯಬೇಡಿ. "ಇಂಥ ತಾರೀಖು ರಾತ್ರಿ ಇಷ್ಟು ಗಂಟೆಗೆ, ಇಂಥ ಬಾರ್‌ನಲ್ಲಿ ಇಷ್ಟು ಜನ ಒಳಗೆ ಸಿಗರೇಟ್ ಸೇದುತ್ತಿದ್ದರು. ಮ್ಯಾನೇಜರ್‌ಗೆ ತಿಳಿಸಿದೆ, ನಿಲ್ಲಿಸಲಿಲ್ಲ. ಬೋರ್ಡ್ ಇರಲಿಲ್ಲ. ಸ್ಮೋಕಿಂಗ್ ರೂಮ್‌ನಲ್ಲಿ ಮದ್ಯ, ಊಟ ಸರ್ವ್ ಮಾಡುತ್ತಿದ್ದರು. ಬಿಲ್, ಫೋಟೋ ಲಗತ್ತಿಸಿದ್ದೇನೆ." ಇಷ್ಟೇ. "ಇಷ್ಟು ಜನ" ಅನ್ನುವಲ್ಲಿ ಅಂದಾಜು ಬೇಡ, ಎಣಿಸಿ ಬರೆಯಿರಿ, ಮಾಲೀಕರಿಗೆ ಬೀಳುವ ದಂಡ ಆ ಸಂಖ್ಯೆ ಮೇಲೆ ನಿಂತಿದೆ. ಕೊಟ್ಟ ಮೇಲೆ ಸೀಲ್ ಹಾಕಿದ ಸ್ವೀಕೃತಿ ಪ್ರತಿ ಕೇಳಿ ತಗೊಳ್ಳಿ.